ಮಿಜೋ ಶಾಂತಿಯ ಕೀರ್ತಿ ಯಾರಿಗೆ?

ದಂಗೆಗಳನ್ನು ಅಡಗಿಸುವ ಮಾತು ಬಂದಾಗಲೆಲ್ಲ ನಮ್ಮ ವಿದ್ಯಾವಂತರು ಮಿಜೋರಾಮನ್ನು ಮುಂದಿಡುವುದುಂಟು. ಅಲ್ಲಿ ಸರ್ಕಾರ ಇಪ್ಪತ್ತು ವರ್ಷ ಬಿಗಿ ಸಡಿಲಿಸಲಿಲ್ಲ, ಆದ್ದರಿಂದ ಬಂಡಾಯಗಾರರು ದಾರಿಗೆ ಬಂದರು ಎಂಬುದು ಅವರ ವಾದ. ಕೇಳಲು ಸೊಗಸಾದ ಈ ವಾದವನ್ನು ನಾನು ಒಪ್ಪಲಾರೆ.

ಮೊದಲು ಕಾರಣವನ್ನು ನೋಡೋಣ. ಮಿಜೋ ಬೆಟ್ಟಗಳಲ್ಲಿ ಸುಮಾರು 48 ವರ್ಷಕ್ಕೊಮ್ಮೆ ಒಂದು ಜಾತಿಯ ಬಿದಿರು ಒಟ್ಟಿಗೆ ಹೂ ಬಿಡುತ್ತದೆ. ಅದರ ಬೀಜ ತಿಂದ ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚಿ, ಬೀಜ ಮುಗಿದೊಡನೆ ಗದ್ದೆಗೂ ಕಣಜಕ್ಕೂ ನುಗ್ಗುತ್ತವೆ. ಅಲ್ಲಿನವರು ಇದನ್ನು 'ಮೌತಾಮ್' ಎನ್ನುತ್ತಾರೆ. ಬಿದಿರು ಹೂ ಬಿಟ್ಟರೆ ಬರ ಎಂಬ ಮಾತು ನಮ್ಮ ಮಲೆನಾಡಿಗೂ ಹೊಸದಲ್ಲ. 1958ರಲ್ಲಿಯೇ ಮಿಜೋ ಜಿಲ್ಲಾ ಮಂಡಳಿ ಮುಂಬರುವ ಕ್ಷಾಮವನ್ನು ಮನಗಂಡು ಅಸ್ಸಾಂ ಸರ್ಕಾರದಿಂದ 15 ಲಕ್ಷ ರೂಪಾಯಿ ಕೇಳಿತು. ಸರ್ಕಾರ ಅದನ್ನು ಗುಡ್ಡಗಾಡಿನವರ ಮೂಢನಂಬಿಕೆಯೆಂದು ತಳ್ಳಿಹಾಕಿತು. ಮರುವರ್ಷವೇ ಬಿದಿರು ಹೂ ಬಿಟ್ಟಿತು, ಕ್ಷಾಮವೂ ಬಂತು.

ಹಸಿದವರಿಗೆ ಅಕ್ಕಿ ಮುಟ್ಟಿಸಿ ಹೆಸರಾದದ್ದು ಲಾಲ್‌ಡೆಂಗಾ ಅವರ ಮಿಜೋ ನ್ಯಾಷನಲ್ ಫ್ಯಾಮಿನ್ ಫ್ರಂಟ್. ಗಾಯಕ್ಕೆ ಉಪ್ಪು ಸವರಿದಂತೆ 1960ರಲ್ಲಿ ಅಸ್ಸಾಮಿಯನ್ನು ರಾಜ್ಯಭಾಷೆಯಾಗಿಸುವ ಕಾನೂನು ಬಂತು. 1961ರಲ್ಲಿ ಆ ಸಂಘ 'ಫ್ಯಾಮಿನ್' ಎಂಬ ಪದವನ್ನು ಕಳಚಿ ರಾಜಕೀಯ ಪಕ್ಷವಾಯಿತು. ನುಡಿಯ ಹೆಸರಿನಲ್ಲಿ 1956ರಲ್ಲಿ ಒಂದಾದ ಕನ್ನಡಿಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕೆ?

1966ರ ಫೆಬ್ರವರಿ 28ರ ರಾತ್ರಿ ದಂಗೆ ಎದ್ದಿತು. ಎದ್ದವರು ಸಾಧುಗಳಲ್ಲ, ಅವರ ಗುಂಡಿಗೂ ಜನ ಸತ್ತರು. ಸರ್ಕಾರ ಕೈಕಟ್ಟಿ ಕೂರಬೇಕಿತ್ತೆಂದು ನಾನು ಹೇಳುವುದಿಲ್ಲ. ಆದರೆ ಮಾರ್ಚ್ 5ರಂದು ನಮ್ಮ ವಿಮಾನಗಳು ನಮ್ಮದೇ ಊರಾದ ಐಜಾಲ್‌ನ ಮೇಲೆ ದಾಳಿ ಮಾಡಿದವು. 1967ರಿಂದ ಐನೂರಕ್ಕೂ ಹೆಚ್ಚು ಹಳ್ಳಿಗಳನ್ನು ಎತ್ತಿಸಿ, ಜನರನ್ನು ಸೈನ್ಯದ ಕಾವಲಿನ ಕೂಡುಹಳ್ಳಿಗಳಿಗೆ ಸಾಗಿಸಲಾಯಿತು. ಬಿಟ್ಟುಬಂದ ಮನೆಗಳಿಗೆ ಬೆಂಕಿ ಬಿತ್ತು. ಕುಮರಿ ಬೇಸಾಯದ ನೆಲ ದೂರವಾಯಿತು; ಹೊರಗೆ ಹೋಗಲು ಅಪ್ಪಣೆ, ಒಳಗೆ ಕರ್ಫ್ಯೂ, ಹೊಟ್ಟೆಗೆ ಪಡಿತರ. ಬ್ರಿಟಿಷರು ಮಲಯಾದಲ್ಲಿ ಮಾಡಿದ ಪ್ರಯೋಗವನ್ನು ಸ್ವತಂತ್ರ ಭಾರತ ತನ್ನ ಪ್ರಜೆಗಳ ಮೇಲೆಯೇ ನಡೆಸಿತು. ಇವುಗಳಿಗಿಟ್ಟ ಹೆಸರು 'ಸಂರಕ್ಷಿತ ಮತ್ತು ಪ್ರಗತಿಶೀಲ ಗ್ರಾಮ'! ಭಾಷೆಯ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಇಂಥ ಶಬ್ದಗಳನ್ನು ಕಂಡರೆ ಹೆದರುತ್ತೇನೆ. ಬೇಲಿಯೇ ಎದ್ದು ಹೊಲ ಮೇಯುವಾಗ ಅದಕ್ಕೆ ರಕ್ಷಣೆಯೆಂಬ ಹೆಸರೇ ಬೇಕಾಗುತ್ತದೆ.

ಈ ಬಿಗಿಯೇ ಶಾಂತಿಯನ್ನು ತಂದಿತೆ? ಹಾಗಾದರೆ ಕೂಡುಹಳ್ಳಿ ಕಟ್ಟಿದ ಮೇಲೂ ಹತ್ತೊಂಬತ್ತು ವರ್ಷ ಹೋರಾಟ ನಡೆದದ್ದೇಕೆ? 1986ರ ಜೂನ್ 30ರಂದು ಒಪ್ಪಂದವಾಯಿತು. ಲಾಲ್‌ಡೆಂಗಾ ಸ್ವತಂತ್ರ ದೇಶದ ಹಟ ಬಿಟ್ಟರು. ದೆಹಲಿ ಹಿಂದೆ ಬಂಡಾಯಗಾರನೆಂದವರನ್ನೇ ಮುಖ್ಯಮಂತ್ರಿಯಾಗಿ ಒಪ್ಪಿತು. 1987ರ ಫೆಬ್ರವರಿ 20ರಂದು ಮಿಜೋರಾಮ್ ರಾಜ್ಯವಾಯಿತು. ಅವರ ನೆಲ, ಧರ್ಮಾಚರಣೆ, ಸಂಪ್ರದಾಯದ ನ್ಯಾಯ ಇವುಗಳಿಗೆ ಸಂವಿಧಾನದ 371ಜಿ ವಿಧಿ ರಕ್ಷಣೆ ಕೊಟ್ಟಿತು. ಇದು ಸೋತವರು ಶರಣಾದ ಕಥೆಯಲ್ಲ, ಎರಡು ಕಡೆಯವರೂ ಬಾಗಿದ ಕಥೆ. ಬಿಗಿಯನ್ನು ಹೊಗಳುವವರು ಈ ಬಾಗುವಿಕೆಯನ್ನೇ ಮರೆಯುತ್ತಾರೆ. ಅವರ ಮಾತು ಕೇಳಿ ನಾಳೆ ಇನ್ನಾವುದೋ ಬೆಟ್ಟದಲ್ಲಿ ಬೇಲಿ ಹಾಕಿದರೆ, ಅದರೊಳಗೆ ಬೆಳೆಯುವ ಮಕ್ಕಳಿಗೆ ಯಾರು ಉತ್ತರ ಹೇಳುವರು?

2006–07ರಲ್ಲಿ ಬಿದಿರು ಮತ್ತೆ ಹೂ ಬಿಟ್ಟಿತು. ಈ ಸಲ ಅಲ್ಲಿದ್ದದ್ದು ಮಿಜೋ ಜನರದೇ ಸರ್ಕಾರ. ಮೌತಾಮ್ ಎಂದರೇನೆಂದು ಯಾರೂ ಅದಕ್ಕೆ ತಿಳಿಹೇಳಬೇಕಾಗಿರಲಿಲ್ಲ. ಇಲಿಯ ಬಾಲ ತಂದುಕೊಟ್ಟವರಿಗೆ ಅದು ಹಣ ಕೊಟ್ಟು ಲಕ್ಷಗಟ್ಟಲೆ ಇಲಿ ಕೊಲ್ಲಿಸಿತು. ಬೆಳೆ ಹಾಳಾಯಿತು, ಜನ ಕಷ್ಟಪಟ್ಟರು. ಆದರೆ ಯಾರೂ ಬಂದೂಕು ಹಿಡಿದು ಕಾಡಿಗೆ ಹೋಗಲಿಲ್ಲ. ಉಗುರಿನಿಂದ ಹೋಗುವುದಕ್ಕೆ 1966ರಲ್ಲಿ ನಾವು ಕೊಡಲಿ ಎತ್ತಿದೆವು. ಶಾಂತಿಯ ಕೀರ್ತಿಯನ್ನು ಆ ಕೊಡಲಿಗೇ ಕೊಡುವುದು ನ್ಯಾಯವಲ್ಲ.