ನಾಯಿಯೊಡನೆ ನಡೆವ ದಾರಿ



ಸೂಟಿ ಬಂತೆಂದರೆ ಮಕ್ಕಳಿಗೆ ಮನೆಯ ಗೋಡೆಗಳು ಇಕ್ಕಟ್ಟೆನಿಸತೊಡಗುತ್ತವೆ. ಈಚಿನ ವರುಷಗಳಲ್ಲಿ ಕಲಬುರಗಿಯ ಎಷ್ಟೋ ಕುಟುಂಬಗಳಲ್ಲಿ ಆ ಇಕ್ಕಟ್ಟನ್ನು ಅನುಭವಿಸುವ ಮತ್ತೊಂದು ಜೀವವೂ ಸೇರಿಕೊಂಡಿದೆ. ಹಿಂದೆ ನಾಯಿಯು ಹೊಲದ ಕಾವಲಿಗೋ ವಾಡೆಯ ಬಾಗಿಲಿಗೋ ಇರುತ್ತಿತ್ತು. ಹಗಲೆಲ್ಲ ಅಡ್ಡಾಡಿ ರಾತ್ರಿ ಕಟ್ಟೆಯ ಮೇಲೆ ಮಲಗುತ್ತಿತ್ತು. ಇಂದು ಅದು ಮಹಡಿಮನೆಯ ಎರಡು ಕೋಣೆಗಳ ನಡುವೆ ದಿನಗಳೆಯುತ್ತದೆ. ಅದಕ್ಕೂ ಬಯಲು ಬೇಕು, ನಡಿಗೆ ಬೇಕು. ಎಲ್ಲಿಗೆ ಕರೆದೊಯ್ಯಬೇಕು? ಇದು ತೀರ ಸಣ್ಣ ಪ್ರಶ್ನೆಯೆಂದೇ ನಾವೂ ತಿಳಿದಿದ್ದೆವು. ಒಂದು ದಿನದ ಅನುಭವವು ನಮ್ಮ ತಿಳಿವಳಿಕೆಯನ್ನು ತಿದ್ದಿತು. ಅದನ್ನೇ ಈ ತಿಂಗಳು ನಿಮ್ಮ ಮುಂದಿಡುತ್ತಿದ್ದೇವೆ.

ನಮ್ಮ ಮನೆಯಲ್ಲಿರುವುದು ಮುಧೋಳ ತಳಿಯ ಹೆಣ್ಣುನಾಯಿ. ಸಣ್ಣ ಸೊಂಟ, ನೀಳವಾದ ಕಾಲು, ಚೂಪಾದ ಮೋರೆ. ಅದರ ಓಟವನ್ನು ಕಂಡ ಮೊಮ್ಮಕ್ಕಳು ಅದಕ್ಕೆ ‘ಚಿಗರಿ’ ಎಂದೇ ಹೆಸರಿಟ್ಟಿದ್ದಾರೆ. ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ಈ ತಳಿ ಕನ್ನಡ ನಾಡಿಗೆ ಹೆಮ್ಮೆಯದು. ೨೦೦೫ರಲ್ಲಿ ಭಾರತೀಯ ಅಂಚೆ ಇಲಾಖೆಯು ದೇಶಿ ನಾಯಿತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಮುಧೋಳ ನಾಯಿಗೂ ಅವುಗಳಲ್ಲಿ ಸ್ಥಾನ ದೊರೆಯಿತು. ಬೀದರಿನ ಪಶು ವಿಶ್ವವಿದ್ಯಾಲಯವು ಮುಧೋಳದ ಸಮೀಪದ ತಿಮ್ಮಾಪುರದಲ್ಲಿ ಈ ತಳಿಗಾಗಿ ಸಂಶೋಧನ ಕೇಂದ್ರವನ್ನು ನಡೆಸುತ್ತದೆ. ಆದರೆ ಹೆಮ್ಮೆಯ ಜೊತೆಗೆ ಒಂದು ಸಂಗತಿಯನ್ನು ಮರೆಯಲಾಗದು. ಇದು ಬೇಟೆಗೆಂದು ಬೆಳೆದುಬಂದ ತಳಿ. ಕಣ್ಣಿಗೆ ಕಂಡದ್ದನ್ನು ಬೆನ್ನಟ್ಟುವುದು ಇದರ ಹುಟ್ಟುಗುಣ. ಮುಂದೊಂದು ಮೊಲ ಹಾರಿತೆಂದರೆ ಸಾಕಿದವರ ಕೂಗು ಇದರ ಕಿವಿಗೆ ಬೀಳುವುದಿಲ್ಲ.

ಕಳೆದ ದೀಪಾವಳಿಯ ಸೂಟಿಯಲ್ಲಿ ಮಕ್ಕಳು ಚಿಂಚೋಳಿಯ ಕಾಡು ನೋಡಬೇಕೆಂದು ಹಟ ಹಿಡಿದರು. ಚಿಗರಿಯೂ ಬರಲೇಬೇಕೆಂಬುದು ಅವರ ಕರಾರು. ನಸುಕಿನಲ್ಲಿ ಕಲಬುರಗಿ ಬಿಟ್ಟು, ಮಹಾಗಾಂವ ಕ್ರಾಸಿನಲ್ಲಿ ಹೊರಳಿ ಚಿಂಚೋಳಿಯ ದಾರಿ ಹಿಡಿದೆವು. ಚಂದ್ರಂಪಳ್ಳಿ ಜಲಾಶಯದ ನೀರು, ಅದರಾಚೆಯ ಹಸುರು ಗುಡ್ಡಗಳು, ಗಿಡಮರಗಳ ನಡುವಿನ ಕಾಲುದಾರಿ ಇವೆಲ್ಲ ಮಕ್ಕಳ ಮನದಲ್ಲಿ ಮೊದಲೇ ಚಿತ್ರವಾಗಿದ್ದವು. ಆದರೆ ಅರಣ್ಯದ ಸಿಬ್ಬಂದಿಯೊಬ್ಬರು ನಮ್ಮನ್ನು ತಡೆದು, “ಯಜಮಾನ್ರ, ನೀವು ಬೇಕಾದ್ರ ಪರವಾನಗಿ ತಗೊಂಡು ಹೋಗಿಬರ್ರಿ. ನಾಯಿ ಮಾತ್ರ ಒಳಗ ಒಯ್ಯಾಂಗಿಲ್ರಿ” ಎಂದರು. ಮಾತು ಮೆದುವಾಗಿತ್ತು, ನಿರ್ಧಾರ ಗಟ್ಟಿಯಾಗಿತ್ತು. ನಾಯಿಯನ್ನು ಕಾರಿನಲ್ಲಿ ಕೂಡಿಹಾಕಿ ನಾವು ಮಾತ್ರ ಹೋಗುವಂತಿರಲಿಲ್ಲ. ಬಿಸಿಲಲ್ಲಿ ನಿಂತ ಕಾರು ಕೆಲವೇ ನಿಮಿಷಗಳಲ್ಲಿ ಒಲೆಯಂತಾಗಿ ಪ್ರಾಣಕ್ಕೇ ಎರವಾಗುತ್ತದೆ. ಹೀಗಾಗಿ ಮರಳಿದೆವು. ಕಿರಿಯ ಮೊಮ್ಮಗ ಕಣ್ಣೊರೆಸಿಕೊಳ್ಳುತ್ತ, “ಮುತ್ಯಾ, ನಮ್ಮ ಚಿಗರಿ ಏನ್ ತಪ್ಪ ಮಾಡ್ಯಾದ?” ಎಂದು ಕೇಳಿದನು.

ಆ ಮಗುವಿನ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ಹಿರಿಯರಾದ ನಮ್ಮ ಕರ್ತವ್ಯ. ಚಿಂಚೋಳಿಯ ಅರಣ್ಯವನ್ನು ೨೦೧೧ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಸುಮಾರು ೧೩೪ ಚದರ ಕಿಲೋಮೀಟರು ವಿಸ್ತಾರದ ಈ ಕಾಡು ನಮ್ಮಂಥ ಬಿಸಿಲುನಾಡಿನಲ್ಲಿ ಉಳಿದುಬಂದಿರುವ ಅಪರೂಪದ ಹಸುರು. ತೋಳ, ಕತ್ತೆಕಿರುಬ, ನರಿಗಳಂಥ ಜೀವಿಗಳಿಗೆ ಅದೇ ಮನೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಇಂಥ ಧಾಮದೊಳಗೆ ಕಾಲಿಡಲು ಮನುಷ್ಯನಿಗೇ ಪರವಾನಗಿ ಬೇಕು. ಕರ್ತವ್ಯದ ಮೇಲಿರುವ ಸರಕಾರಿ ನೌಕರರು, ಒಳಗೆ ಹಕ್ಕಿನ ಆಸ್ತಿಯುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಮುಂತಾದವರಿಗೆ ಮಾತ್ರ ವಿನಾಯಿತಿ. ಹಾದುಹೋಗುವುದೆಂದರೆ ಹಾದುಹೋಗುವುದಷ್ಟೆ. ನಡುದಾರಿಯಲ್ಲಿ ಗಾಡಿ ನಿಲ್ಲಿಸಿ ನಾಯಿಯನ್ನು ಪೊದೆಯೊಳಗೆ ಬಿಡುವುದು ಆ ವಿನಾಯಿತಿಯಲ್ಲಿ ಸೇರುವುದಿಲ್ಲ. ಬಂಡೀಪುರ, ನಾಗರಹೊಳೆಗಳಂಥ ರಾಷ್ಟ್ರೀಯ ಉದ್ಯಾನಗಳ ಕಟ್ಟಳೆ ಇದಕ್ಕಿಂತಲೂ ಬಿಗಿ. ದನಕರುಗಳ ಮೇವಿಗೂ ಅಲ್ಲಿ ಅವಕಾಶವಿಲ್ಲ.

ಕಟ್ಟಳೆಯ ಹಿಂದಿರುವ ಕಾರಣವನ್ನೂ ತಿಳಿಯಬೇಕು. ಸಾಕುನಾಯಿ ಯಾರನ್ನೂ ಕಚ್ಚದಿದ್ದರೂ, ಬೊಗಳದಿದ್ದರೂ, ತನ್ನ ಮೈಯಲ್ಲಿ ರೋಗವನ್ನು ಹೊತ್ತೊಯ್ಯಬಲ್ಲುದು. ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ಸಾಂಕ್ರಾಮಿಕ ಜ್ವರವು ತೋಳ, ನರಿಗಳಿಗೂ, ಹುಲಿ ಸಿಂಹಗಳಿಗೂ ತಗಲುತ್ತದೆ. ೧೯೯೪ರಲ್ಲಿ ಆಫ್ರಿಕದ ಸೆರೆಂಗೆಟಿ ಬಯಲಿನಲ್ಲಿ ಈ ರೋಗದಿಂದ ಅಲ್ಲಿಯ ಸಿಂಹಗಳಲ್ಲಿ ಮೂರರಲ್ಲೊಂದು ಭಾಗದಷ್ಟು ಸತ್ತುಹೋದವು. ಸುತ್ತಣ ಹಳ್ಳಿಗಳ ನಾಯಿಗಳಿಂದ ಅದು ಬಂದಿತೆಂದು ವಿಜ್ಞಾನಿಗಳು ಕಂಡುಕೊಂಡರು. ನಮ್ಮ ದೇಶದ ಗಿರ್ ಅರಣ್ಯದಲ್ಲಿ ೨೦೧೮ರಲ್ಲಿ ಕೆಲವೇ ವಾರಗಳಲ್ಲಿ ೨೦ಕ್ಕೂ ಹೆಚ್ಚು ಸಿಂಹಗಳು ಮಡಿದಾಗ, ಅವುಗಳಲ್ಲಿ ಹಲವುಗಳ ದೇಹದಲ್ಲಿ ಇದೇ ರೋಗದ ವೈರಾಣು ಕಂಡುಬಂದಿತು. ಧಾಮದ ಸುತ್ತ ೫ ಕಿಲೋಮೀಟರಿನೊಳಗಿರುವ ಜಾನುವಾರುಗಳಿಗೆ ಲಸಿಕೆ ಹಾಕಿಸಬೇಕೆಂದು ಕಾಯಿದೆಯೇ ವಿಧಿಸಿರುವುದು ಇಂಥ ಭಯದಿಂದಲೇ. ತೋಳಗಳಿಗಂತೂ ಇನ್ನೊಂದು ಸಂಕಟವಿದೆ. ನಾಯಿ ತೋಳಗಳು ಕೂಡಿದರೆ ಮಿಶ್ರ ಸಂತಾನ ಹುಟ್ಟುತ್ತದೆ. ಪುಣೆಯ ಸಮೀಪದ ಹುಲ್ಲುಗಾವಲಿನಲ್ಲಿ ಹಾಗಾಗಿರುವುದು ವಂಶವಾಹಿಗಳ ಪರೀಕ್ಷೆಯಿಂದ ೨೦೨೩ರಲ್ಲಿ ದೃಢಪಟ್ಟಿತು. ಮೊದಲೇ ವಿರಳವಾಗಿರುವ ಕುಲವು ಹೀಗೆ ತನ್ನತನವನ್ನೂ ಕಳೆದುಕೊಳ್ಳುತ್ತ ಹೋಗುತ್ತದೆ.

ಇಷ್ಟನ್ನು ದಾರಿಯುದ್ದಕ್ಕೂ ಮಕ್ಕಳಿಗೆ ಹೇಳುತ್ತ ಬಂದೆವು. ಹೇಳುವುದು ಸುಲಭ. ಅದರ ಅರ್ಥ ನಮಗೇ ಮನದಟ್ಟಾದದ್ದು ಅಂದಿನ ಸಂಜೆ.

ಮರಳುವಾಗ ಮಹಾಗಾಂವ ಕ್ರಾಸಿನಿಂದ ಕಮಲಾಪುರಕ್ಕೆ ಹೋದೆವು. ಅಲ್ಲಿ ನಮ್ಮ ಸೋದರಳಿಯನ ಮನೆಯಿದೆ. ಕಮಲಾಪುರದ ಕೆಂಪು ಬಾಳೆ ನಾಡಿಗೇ ಹೆಸರಾದದ್ದು. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಬೆಳೆಯದು. ಸುತ್ತಲೂ ಏರಿಳಿತದ ನೆಲ, ಬಾಳೆಯ ತೋಟ, ತೊಗರಿಯ ಹೊಲ, ನಡುನಡುವೆ ಬೀಳುಬಿಟ್ಟ ಗುಡ್ಡದ ಓರೆ. “ಇಲ್ಲಿ ಯಾರು ತಡೀತಾರ?” ಎಂದು ಹುಮ್ಮಸ್ಸಿನಿಂದ ಬಂಡಿದಾರಿ ಹಿಡಿದೆವು. ಊರ ಹೊರಗೆ ಬಂದೊಡನೆ, ಬೆಳಗಿನಿಂದ ಕಟ್ಟಿಸಿಕೊಂಡ ಜೀವಕ್ಕೆ ಸ್ವಲ್ಪ ಸ್ವಾತಂತ್ರ್ಯ ಸಿಗಲೆಂದು ನಾವೇ ಕೈಯಾರೆ ಚಿಗರಿಯ ಹಗ್ಗ ಬಿಚ್ಚಿದೆವು.

ಓರೆಯ ಆಚೆ ಕುರಿಯ ಹಿಂಡೊಂದು ಮೇಯುತ್ತಿತ್ತು. ನಮಗದು ಕಾಣಿಸುವ ಮೊದಲೇ ಚಿಗರಿಗೆ ಕಾಣಿಸಿತು. ಕರೆದೆವು, ಕೂಗಿದೆವು, ಮೊಮ್ಮಗ ಅಳುತ್ತ ಬೆನ್ನಹಿಂದೆ ಓಡಿದನು. ಬಾಣದಂತೆ ಹೋದ ನಾಯಿ ಹಿಂಡಿನೊಳಗೆ ನುಗ್ಗಿತು. ಅದು ಒಂದನ್ನೂ ಕಚ್ಚಲಿಲ್ಲವೆಂಬುದು ನಿಜ. ಆದರೆ ಬೆದರಿ ಚದರಿದ ಕುರಿಗಳಲ್ಲಿ ಒಂದು ಹಳ್ಳದ ದಂಡೆಯಿಂದ ಕೆಳಗೆ ಬಿದ್ದಿತು. ಅದು ತುಂಬಿದ ಗಬ್ಬದ ಕುರಿ.

ಕುರಿ ಕಾಯುತ್ತಿದ್ದ ಹಿರಿಯರು ಬೈಯುತ್ತಾರೆಂದು ನಾವು ತಲೆ ತಗ್ಗಿಸಿ ನಿಂತೆವು. ಅವರು ಮೊದಲು ಕುರಿಯನ್ನು ಎತ್ತಿ ನಿಲ್ಲಿಸಿ, ಅದರ ಹೊಟ್ಟೆಯ ಮೇಲೆ ಕೈಯಾಡಿಸಿದರು. ಆಮೇಲೆ ನಮ್ಮ ಕಡೆ ತಿರುಗಿ, “ನಾಯಿಗಿ ಬೈಬ್ಯಾಡ್ರಿ. ಓಡೂದು ಅದರ ರಕ್ತದಾಗ ಅದ. ಹಗ್ಗ ನಿಮ್ಮ ಕೈಯಾಗ ಇತ್ತಲ್ಲರೀ ಯಪ್ಪಾ?” ಎಂದರು. ಅಷ್ಟೇ ಅವರಾಡಿದ ಮಾತು. ಬಲವಂತ ಮಾಡಿದ ಮೇಲೆ ಕುರಿಯ ಔಷಧಕ್ಕೆಂದು ಸ್ವಲ್ಪ ಹಣ ಇಸಿದುಕೊಂಡರು. ಮೂರು ದಿನಗಳ ಬಳಿಕ ಆ ಕುರಿ ಕಂದು ಹಾಕಿತೆಂದು ಸೋದರಳಿಯನಿಂದ ಸುದ್ದಿ ಬಂದಿತು. ಉಳಿದ ನಷ್ಟವನ್ನೂ ಹೋಗಿ ತುಂಬಿಕೊಟ್ಟು ಬಂದೆವು. ಹುಟ್ಟಬೇಕಿದ್ದ ಮರಿಯನ್ನು ಮಾತ್ರ ಯಾವ ಹಣವೂ ಮರಳಿ ತರಲಿಲ್ಲ. ಕುರಿಗಾದರೆ ಕೇಳಲು ಒಬ್ಬ ಒಡೆಯನಿದ್ದನು, ನಮಗೆ ಸುದ್ದಿಯೂ ಬಂದಿತು. ಕಾಡಿನ ಪೊದೆಯಲ್ಲಿ ಬೆದರಿ ಬಿದ್ದ ತಾಯಿಮೃಗದ ಸುದ್ದಿಯನ್ನು ಯಾರು ತರುವರು? ಬೆಳಗ್ಗೆ ನಮ್ಮನ್ನು ತಡೆದ ಆ ಸಿಬ್ಬಂದಿಯ ಮಾತು ಅಂದು ನಮಗೆ ಸಂಪೂರ್ಣವಾಗಿ ಅರ್ಥವಾಯಿತು.

ಹಾಗಾದರೆ ನಾಯಿಯನ್ನು ಮನೆಯಲ್ಲೇ ಕಟ್ಟಿಹಾಕಬೇಕೆ? ಖಂಡಿತ ಬೇಡ. ದಾರಿಗಳು ಬೇಕಾದಷ್ಟಿವೆ, ಆರಿಸುವ ವಿವೇಕ ಬೇಕು. ನಾವು ಅನುಸರಿಸುತ್ತಿರುವ ಕೆಲವು ನಿಯಮಗಳನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ತಿಳಿಸುತ್ತೇವೆ.

ಮೊದಲನೆಯದಾಗಿ, ಒಡೆಯನನ್ನು ಕೇಳಿ ನಡೆಯಬೇಕು. ಊರಿಂದ ಊರಿಗೆ ಹೋಗುವ ಬಂಡಿದಾರಿ ಎಲ್ಲರದು. ಹೊಲದ ಬದು ಹಾಗಲ್ಲ. ಬಂಧುಗಳದೋ ಪರಿಚಿತರದೋ ಹೊಲವಿದ್ದರೆ ಒಂದು ಮಾತು ಕೇಳಿ ಹೋದರಾಯಿತು. ಕಮಲಾಪುರದ ಸುತ್ತಿನ ಹಳ್ಳಿಗಳಲ್ಲಿ ಇಲ್ಲವೆಂದವರನ್ನು ನಾವಿನ್ನೂ ಕಂಡಿಲ್ಲ. ಕಾಲುವೆಯ ದಂಡೆಯಲ್ಲಿ ನಡೆಯುವುದಾದರೆ ನೀರು ಬಿಟ್ಟ ದಿನಗಳಲ್ಲಿ ಎಚ್ಚರವಿರಲಿ. ಓರೆಯಾದ ಕಾಂಕ್ರೀಟಿನ ಮೇಲೆ ಜಾರಿ ಬಿದ್ದ ನಾಯಿ ತಾನಾಗಿ ಮೇಲೆ ಬರಲಾರದು.

ಎರಡನೆಯದಾಗಿ, ಕಾಲವನ್ನು ನೋಡಬೇಕು. ನಮ್ಮ ಜಿಲ್ಲೆಯ ಬೇಸಗೆಯಲ್ಲಿ ೪೦ ಡಿಗ್ರಿ ದಾಟುವುದು ವಾಡಿಕೆ. ನಾಯಿಗೆ ನಮ್ಮಂತೆ ಮೈ ಬೆವರುವುದಿಲ್ಲ. ಏದುಸಿರು ಬಿಟ್ಟೇ ಅದು ಮೈಯ ತಾಪ ಕಳೆಯಬೇಕು. ಡಾಂಬರು ರಸ್ತೆಯ ಮೇಲೋ ಪರಸಿಯ ಮೇಲೋ ಅಂಗೈಯ ಹಿಂಬದಿಯನ್ನು ಐದಾರು ಕ್ಷಣ ಇಡಿರಿ. ನಿಮಗೆ ತಾಳದಿದ್ದರೆ ಅದರ ಪಾದಕ್ಕೂ ತಾಳದು. ಬೇಸಗೆಯಲ್ಲಿ ಹೊತ್ತು ಮೂಡುವ ಮುನ್ನವೇ ನಡೆದು ಬರುವುದು ಲೇಸು. ತೊಗರಿಗೆ ಔಷಧ ಸಿಂಪಡಿಸುವ ದಿನಗಳಲ್ಲಿ ಆ ಹೊಲಗಳ ಕಡೆ ಸುಳಿಯಬಾರದು. ಬದುವಿನ ಗುಂಡಿಯಲ್ಲಿ ನಿಂತ ನೀರು ವಿಷವಾಗಿರಬಹುದು. ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಬೇಕು. ರಾಶಿಯಾದ ಬಳಿಕ ಹೊಲ ಬಯಲಾಗಿ ಕಂಡರೂ ತೊಗರಿಯ ಕೂಳೆ ಚೂಪಾಗಿ ನಿಂತಿರುತ್ತದೆ, ಅದು ಪಾದಕ್ಕೆ ನೆಡುತ್ತದೆ.

ಮೂರನೆಯದಾಗಿ, ಲಸಿಕೆ. ರೇಬೀಸಿನ ಲಸಿಕೆಯನ್ನೂ ಡಿಸ್ಟೆಂಪರ್ ಮೊದಲಾದ ರೋಗಗಳ ಲಸಿಕೆಯನ್ನೂ ಪಶುವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಹಾಕಿಸಬೇಕು. ಯಾರನ್ನಾದರೂ ನಾಯಿ ಕಚ್ಚಿದರೆ ಅರಿಸಿನ ಸುಣ್ಣಗಳ ಉಪಚಾರದಲ್ಲಿ ಹೊತ್ತು ಕಳೆಯದೆ, ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ೧೫ ನಿಮಿಷ ತೊಳೆದು ಒಡನೆಯೇ ಆಸ್ಪತ್ರೆಗೆ ಹೋಗಬೇಕು. ರೋಗಲಕ್ಷಣ ತೋರಿದ ಮೇಲೆ ರೇಬೀಸಿಗೆ ಮದ್ದಿಲ್ಲ. ಅಡ್ಡಾಡಿ ಬಂದ ಮೇಲೆ ನಾಯಿಯ ಕಿವಿ, ಕಾಲ್ಬೆರಳುಗಳ ಸಂದುಗಳಲ್ಲಿ ಉಣ್ಣೆಹುಳಗಳಿವೆಯೇ ಎಂದು ನೋಡುವುದನ್ನು ಮಕ್ಕಳಿಗೆ ಒಪ್ಪಿಸಿದರೆ ಅವರಿಗೂ ಹೊಣೆ ಬರುತ್ತದೆ.

ನಾಲ್ಕನೆಯದು ಎಲ್ಲಕ್ಕೂ ಮುಖ್ಯವಾದುದು. ಕೈಯಲ್ಲಿ ಹಗ್ಗವಿರಬೇಕು. ಓಡಿಸುವ ಆಸೆಯಿದ್ದರೆ ಸುತ್ತಲೂ ಬೇಲಿಯಿರುವ ತೋಟದಲ್ಲಿ, ಒಡೆಯನ ಒಪ್ಪಿಗೆಯಿಂದ, ದನಕುರಿಗಳಿಲ್ಲದ ಹೊತ್ತಿನಲ್ಲಿ ಬಿಡಬಹುದು. ಉಳಿದೆಡೆಯಲ್ಲೆಲ್ಲ ಹತ್ತು ಹನ್ನೆರಡು ಮೊಳದ ಉದ್ದನೆಯ ಹಗ್ಗ ಸಾಕು. ಅದು ನಾಯಿಗೂ ಹಿತ, ನೆರೆಯವರಿಗೂ ಹಿತ.

ಅರಳಗುಂಡಗಿಯ ಶರಣಬಸವೇಶ್ವರರು ತಮ್ಮ ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ತಿಂದು ತಣಿಯಲೆಂದು ನೀರನ್ನೂ ಇಟ್ಟರೆಂಬ ಕಥೆಯನ್ನು ನಮ್ಮ ಭಾಗದ ಮನೆಮನೆಯಲ್ಲಿಯೂ ಮಕ್ಕಳು ಕೇಳಿ ಬೆಳೆಯುತ್ತಾರೆ. ತಮ್ಮ ಹೊಲದಿಂದಲೇ ಹಕ್ಕಿಯನ್ನು ಓಡಿಸದವರ ನಾಡಿನಲ್ಲಿ ಹುಟ್ಟಿ, ಕಾಡಿನ ಮೃಗವನ್ನು ಅದರ ಮನೆಯಿಂದಲೇ ಓಡಿಸುವುದು ನಮಗೆ ಒಪ್ಪುವ ಮಾತಲ್ಲ.

ಈಗ ನಮ್ಮ ಮೊಮ್ಮಕ್ಕಳು ಸೂಟಿಗೆ ಬಂದಾಗಲೆಲ್ಲ ಕಮಲಾಪುರಕ್ಕೆ ಹೋಗುತ್ತಾರೆ. ಬಾಳೆಯ ತೋಟದ ಪಕ್ಕದ ಬಂಡಿದಾರಿಯಲ್ಲಿ ಬೆಳಗಿನ ಎಳೆಬಿಸಿಲಿನಲ್ಲಿ ನಡೆದು ಬರುತ್ತಾರೆ. ಹಗ್ಗ ಹಿಡಿಯುವ ಸರದಿಗಾಗಿ ಅವರಲ್ಲಿ ಸಣ್ಣ ಜಗಳವೂ ಆಗುತ್ತದೆ. ಕಳೆದ ಸಲ ಆ ಕುರಿ ಕಾಯುವ ಹಿರಿಯರು ಎದುರಾದರು. ಕಿರಿಯವನು ಒಡನೆಯೇ ಹಗ್ಗವನ್ನು ಮೊಣಕೈಗೆ ಎರಡು ಸುತ್ತು ಸುತ್ತಿಕೊಂಡು, ದಾರಿಯಂಚಿಗೆ ಸರಿದು ನಿಂತನು. ಹಿಂಡು ಹಾದುಹೋಗುವವರೆಗೂ ಚಿಗರಿ ನಡುಗುತ್ತ ಅವನ ಕಾಲಿಗೆ ಒತ್ತಿಕೊಂಡು ನಿಂತಿತ್ತು. ಹಿರಿಯರು ಹುಡುಗನ ತಲೆ ನೇವರಿಸಿ, “ಶಾಣ್ಯಾ ಆದಿ ನೋಡಪಾ” ಎಂದು ಮುಂದೆ ಸಾಗಿದರು. ಹಿಂಡಿನ ಕೊನೆಯಲ್ಲಿ ಒಂದು ಕುರಿ ತನ್ನ ಎಳೆಯ ಮರಿಯೊಡನೆ ಹೋಗುತ್ತಿತ್ತು.