ಮೀಸೆ ಯಾರದು?

ಕಾರ್ಗಿಲ್ ವಿಜಯ ದಿವಸ ಬಂತೆಂದರೆ ನಮ್ಮ ಕಡೆ ಮೊದಲು ಎದ್ದು ನಿಲ್ಲುವುದು ಫ್ಲೆಕ್ಸು. ಕೆಂಚನಗುಡ್ಡದಿಂದ ಸಿರುಗುಪ್ಪಕ್ಕೆ ಬರುವಾಗ ಈ ವಾರ ಅಂಥದ್ದೊಂದು ಕಣ್ಣಿಗೆ ಬಿತ್ತು. ಮೇಲೆ ಮುಖಂಡರು, ಕೆಳಗೆ ಮರಿಮುಖಂಡರು, ಎಡಬಲಕ್ಕೆ ‘ಶುಭ ಕೋರುವವರು’. ಮಡಿದವರಿಗೆ ಯಾವ ಶುಭ ಕೋರುತ್ತಾರೋ! ಇಷ್ಟು ಮುಖಗಳು ಬಿಟ್ಟುಕೊಟ್ಟ ಜಾಗದಲ್ಲಿ ಅಂಚೆಚೀಟಿಯಷ್ಟು ಅಗಲಕ್ಕೆ ನಾಲ್ಕಾರು ಸೈನಿಕರು. ಯಾವುದೋ ಗುರುತಿನ ಚೀಟಿಯ ಫೋಟೋ ಹಿಗ್ಗಿಸಿ, ಕತ್ತಿನ ಕೆಳಗೆ ಇನ್ಯಾರದೋ ಯೂನಿಫಾರ್ಮ್ ಅಂಟಿಸಿದ್ದರು. ಎಲ್ಲರದ್ದೂ ಒಂದೇ ಎದೆ, ಒಂದೇ ಪದಕಗಳ ಸಾಲು. ಮೀಸೆ ಕೂಡ ಒಂದೇ. ಸೈನಿಕನೆಂದ ಮೇಲೆ ಮೀಸೆ ಇರಲೇಬೇಕೆಂದು ಕಂಪ್ಯೂಟರ್ ಮುಂದೆ ಕೂತ ಹುಡುಗನೇ ತೀರ್ಮಾನಿಸಿದಂತಿತ್ತು.

ಆ ದಿವಸದ ಸಭೆಯಲ್ಲಿ ಎಂದಿನ ಮಾತು: ಗೆದ್ದರೆ ಸಿರಿ, ಮಡಿದರೆ ಸುರಾಂಗನೆ. ವೀರಗಲ್ಲುಗಳಿಂದ ಇಳಿದು ಬಂದ ಮಾತು, ಚಪ್ಪಾಳೆಗೆ ಮೋಸವಿಲ್ಲ. ವೀರಗಲ್ಲಿನಲ್ಲೂ ಮುಖ ಎಲ್ಲರದ್ದೂ ಒಂದೇ ಅಲ್ಲವೇ ಎಂದು ಪಕ್ಕದಲ್ಲಿದ್ದವರು ನನ್ನನ್ನು ಚುಚ್ಚಿದರು. ನಿಜ, ಶಿಲ್ಪಿ ಮುಖ ನೋಡಿ ಕಡೆದವನಲ್ಲ. ಆದರೆ ಬರಹವಿರುವ ಕಲ್ಲಿನ ಮುಂದೆ ನಿಂತು ಓದಿ. ಸತ್ತವನು ಯಾರು, ತುರು ಬಿಡಿಸಲು ಹೋಗಿ ಸತ್ತನೋ, ಊರಗಡಿಗಾಗಿ ಸತ್ತನೋ, ಹೆಣ್ಣಿನ ಮಾನ ಕಾಯಲು ಸತ್ತನೋ ಎಂಬುದನ್ನು ಬರೆದಿರುತ್ತಾರೆ. ಕಲ್ಲು ನಿಲ್ಲಿಸಿದವರು ಮಗನೋ ತಮ್ಮನೋ ಹೆಂಡತಿಯೋ ಆಗಿದ್ದರೆ ಅವರ ಹೆಸರಿಗೂ ಒಂದಿಷ್ಟು ಜಾಗ. ನಿಲ್ಲಿಸಿದವರೇ ಕುದುರೆ ಏರಿ ಕೂತ ವೀರಗಲ್ಲನ್ನು ನಾನಂತೂ ನೋಡಿಲ್ಲ. ಜೊತೆಗೆ ನೆತ್ತರುಕೊಡಗಿ ಎಂದು ಮನೆಯವರಿಗೆ ಹೊಲ ಬಿಟ್ಟುಕೊಡುತ್ತಿದ್ದರು. ಈಗ ಹೊಲದ ಮಾತು ಸಾವಿನ ಮನೆಯಲ್ಲಿ ಮೈಕಿನ ಮುಂದೆ ಆಗುತ್ತದೆ, ಆಮೇಲೆ ಕಡತ ಹಿಡಿದು ಅಲೆಯುವವಳು ಹೆಂಡತಿ.

ಅಷ್ಟೇಕೆ, ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ನೋಡಿ. ಕ್ರಿ.ಶ. 949ರ ತಕ್ಕೋಲದ ಕಾಳಗ ಮುಗಿದ ಮೇಲೆ ಗಂಗರ ಅರಸ ಬೂತುಗ, ಮೆಚ್ಚಿದ್ದನ್ನು ಬೇಡಿಕೋ ಎಂದು ತನ್ನ ಬಂಟ ಮಣಲೇರನಿಗೆ ಹೇಳಿದ. ಆತ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯ ಮೇಲೆ ಬಿದ್ದ ಕಾಳಿ ಹಂದಿಯೊಂದಿಗೇ ಸತ್ತಿತು. ಕಲ್ಲಿನಲ್ಲಿ ಕಡೆದಿರುವುದು ಆ ನಾಯಿ, ಆ ಹಂದಿ. ಈ ಕಲ್ಲನ್ನು ಪೂಜಿಸದೆ ಉಂಡರೆ ಪೂಜಾರಿ ಗೊರವನಿಗೆ ನಾಯಿಯ ಪಾಪ ಸುತ್ತಿಕೊಳ್ಳುತ್ತದೆಂದೂ ಬರೆಸಿದ್ದಾರೆ. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಈಗಲೂ ಇದೆ. ಒಂದು ನಾಯಿಗೆ ಸಿಕ್ಕ ಮರ್ಯಾದೆ ಅದು.

ನಮ್ಮ ನೆರೆಯ ಕಂಪ್ಲಿಯ ರಾಜಕುಮಾರ ಕುಮಾರರಾಮನದು ಇನ್ನೊಂದು ಬಗೆ. ದೆಹಲಿ ಸುಲ್ತಾನನ ದಂಡು ಅವನ ತಲೆಯನ್ನೇ ಕತ್ತರಿಸಿ ಒಯ್ದಿತೆಂದು ಕಥೆ. ಮಲೆನಾಡಿನ ಊರುಗಳಲ್ಲಿ ಮರದಲ್ಲಿ ಅವನ ತಲೆ ಕಡೆದು, ಬಣ್ಣ ಬಳಿದು ಪೂಜಿಸುತ್ತಾರೆ. ದೆಹಲಿ ಒಯ್ದದ್ದನ್ನು ಜನ ಹಿಂದಕ್ಕೆ ತಂದುಕೊಂಡರು.

ನಮ್ಮ ಕಾಲಕ್ಕೇ ಬನ್ನಿ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಮಂಜುಗಡ್ಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಉಸಿರಾಡುತ್ತಲೇ ಸಿಕ್ಕರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಆಗ ಮನೆಯಲ್ಲಿ ಪುಟ್ಟ ಮಗಳು. ಅಂಥ ಮಕ್ಕಳಿಗೆ ಅಪ್ಪ ಎಂದರೆ ಗೋಡೆಯ ಮೇಲಿರುವ ಮುಖ. ಅಲ್ಲಿ ಬೇರೆಯವರ ಮೀಸೆ ತೂಗುಹಾಕಿದರೆ ಅದೇ ಅಪ್ಪನಾಗುತ್ತದೆ.

ಮಡಿದವರ ಮುಖವನ್ನು ಮನೆಗೆ ಮರಳಿಸಿದವರೂ ಇದ್ದಾರೆ. ಅಮೆರಿಕದ ಎಡ್ಮಂಡ್ಸ್ ಊರಿನ ಮೈಕಲ್ ರೇಗನ್ ವಿಯೆಟ್ನಾಂ ಯುದ್ಧ ಕಂಡವರು. ತಾರೆಯರ, ಆಟಗಾರರ ಚಿತ್ರ ಬರೆದು ಹೆಸರಾಗಿದ್ದರು. ಒಬ್ಬಳು ಸೈನಿಕನ ವಿಧವೆ, ನನ್ನ ಗಂಡನದ್ದು ಬರೆದುಕೊಡಿ, ಎಷ್ಟಾಗುತ್ತದೆ ಎಂದು ಕೇಳಿದಳು. ಅವರು ದುಡ್ಡು ಮುಟ್ಟಲಿಲ್ಲ. 2004ರಿಂದ ಕೇಳಿದ ಮನೆಗಳಿಗೆಲ್ಲ ಪೆನ್ಸಿಲ್‌ನಲ್ಲಿ ಬರೆದು ಕಳಿಸಿದ್ದು ಸಾವಿರಾರು.

ಅದಕ್ಕೆ ಅಮೆರಿಕವೇ ಆಗಬೇಕಿಲ್ಲ. ನನಗೆ ಗೊತ್ತಿರುವ ಒಬ್ಬ ಬೋರ್ಡ್ ಕಲಾವಿದ ಮಿಲಿಟ್ರಿಯಲ್ಲಿ ತೀರಿಕೊಂಡ ಹುಡುಗನ ಮನೆಗೆ ಒಂದು ಚಿತ್ರ ಬರೆದುಕೊಟ್ಟಿದ್ದಾನೆ. ತಾಯಿ ತಂದದ್ದು ಹೈಸ್ಕೂಲಿನ ಗ್ರೂಪ್ ಫೋಟೋ. ಅದರಲ್ಲಿ ಮುಖ ಕಡಲೆ ಗಾತ್ರ. ಬೈತಲೆ ಯಾವ ಕಡೆ, ಹುಬ್ಬಿನ ಗಾಯ ಎಡಕ್ಕೋ ಬಲಕ್ಕೋ, ನಕ್ಕರೆ ಹಲ್ಲು ಕಾಣುತ್ತಿತ್ತೋ ಎಂದು ಇವನು ಕೇಳುತ್ತ ಕೂತ. ‘ಕಿವಿ ಇಷ್ಟು ಚೆಂದ ಇದ್ದಿಲ್ಲಪ್ಪ, ಅಗಲ ಇದ್ವು’ ಎಂದಳಂತೆ. ಅಳಿಸಿ ಅಗಲ ಮಾಡಿದ. ಯೂನಿಫಾರ್ಮ್ ಬೇಕೇ ಎಂದರೆ ಬೇಡವೆಂದಳು, ಮಗ ರಜೆಗೆ ಬಂದಾಗ ಹಾಕುತ್ತಿದ್ದ ಚೌಕಳಿ ಅಂಗಿ ಇರಲಿ ಎಂದಳು. ಸುರಾಂಗನೆಯ ಮಾತು ಆ ಮನೆಯಲ್ಲಿ ಯಾರೂ ಎತ್ತಿರಲಿಕ್ಕಿಲ್ಲ.

ಇಂಥ ಕೈಗಳು ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ಇವೆ. ಅಕ್ಕಿ ಗಿರಣಿಯ ಹೆಸರು, ಟೂರಿಂಗ್ ಟಾಕೀಸಿನ ಪರದೆ, ನಾಟಕದ ಸೀನರಿ ಬರೆದವರು. ಫ್ಲೆಕ್ಸ್ ಬಂದ ಮೇಲೆ ಬ್ರಷ್ ಬಿಟ್ಟು ಆಟೋ ಹಿಡಿದವರಿದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಚಿತ್ರ ಕಲಿಯುವ ಹುಡುಗರಿದ್ದಾರೆ. ಸೈನಿಕ ಕಲ್ಯಾಣ ಇಲಾಖೆಯ ಬಳಿ ಮನೆಗಳ ವಿಳಾಸ ಇರುತ್ತದೆ. ಒಂದು ಫ್ಲೆಕ್ಸಿನ ದುಡ್ಡಿನಲ್ಲಿ ಎಷ್ಟು ಹಾಳೆ, ಎಷ್ಟು ಪೆನ್ಸಿಲ್ ಬರುತ್ತದೆಂದು ಯಾರಾದರೂ ಲೆಕ್ಕ ಹಾಕಲಿ. ದಯವಿಟ್ಟು ಇದಕ್ಕೊಂದು ಸಮಿತಿ ಮಾತ್ರ ಮಾಡಬೇಡಿ. ಸಮಿತಿ ಎಂದಕೂಡಲೇ ಅಧ್ಯಕ್ಷರ ಫೋಟೋ ಬೇಕಾಗುತ್ತದೆ.