ಉಪ್ಪು ಕಡಿಮೆ ಮಾಡಲಾಗದಿದ್ದರೆ ಉಪ್ಪನ್ನೇ ಬದಲಿಸಬಹುದೇ? ಬಿಪಿ ಸಂಶೋಧನೆ ಹೇಳುತ್ತಿರುವುದೇನು

2025ರ ಜೂನ್‌–ಜುಲೈನಲ್ಲಿ ಹಾಸನದಿಂದ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ ಬರುತ್ತಿದ್ದಾಗ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನ ಕಿಕ್ಕಿರಿದಿದ್ದರು. ಮುಂಬೈ, ಪುಣೆ, ಹೈದರಾಬಾದಿನಲ್ಲಿರುವ ಎಷ್ಟೋ ಕನ್ನಡಿಗರು ಊರಿಗೆ ಫೋನ್ ಮಾಡಿ 'ಅಪ್ಪನಿಗೆ ಒಂದು ಇಸಿಜಿ ಮಾಡಿಸಿ' ಎಂದು ಹೇಳಿದ ದಿನಗಳವು. ಆಗ ಎಲ್ಲೆಡೆ ಚರ್ಚೆಯಾದದ್ದು ಕೋವಿಡ್ ಲಸಿಕೆ. ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ ಮಾತ್ರ ಲಸಿಕೆಗೆ ನಂಟಿಲ್ಲ ಎಂದು ಹೇಳಿ, ಹೆಚ್ಚುತ್ತಿರುವ ರಕ್ತದೊತ್ತಡ, ಮಧುಮೇಹ, ಕೊಲೆಸ್ಟ್ರಾಲ್‌ನತ್ತ ಬೊಟ್ಟು ಮಾಡಿತು. ಈ ಉತ್ತರದಲ್ಲಿ ಹೊಸತೇನೂ ಇರಲಿಲ್ಲ. ಹಾಗಾಗಿ ಅದು ಲಸಿಕೆಯ ವದಂತಿಯಷ್ಟು ಫಾರ್ವರ್ಡ್ ಆಗಲಿಲ್ಲ.

ಅದೇ ವರ್ಷದ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಒಂದು ಮಾರ್ಗಸೂಚಿಗೂ ಇದೇ ಗತಿಯಾಯಿತು. ಮನೆಯಲ್ಲಿ ಬಳಸುವ ಸಾಮಾನ್ಯ ಉಪ್ಪಿನ ಬದಲು, ಸೋಡಿಯಂ ಕಡಿಮೆ ಇದ್ದು ಪೊಟ್ಯಾಸಿಯಂ ಬೆರೆಸಿದ ಉಪ್ಪನ್ನು ವಯಸ್ಕರು ಬಳಸಬಹುದು ಎಂದು ಸಂಸ್ಥೆ ಶಿಫಾರಸು ಮಾಡಿತು. 'ಉಪ್ಪು ಕಡಿಮೆ ತಿನ್ನಿ' ಎಂಬ ಸಲಹೆಯನ್ನು ನಾವು ಬಾಲ್ಯದಿಂದ ಕೇಳುತ್ತಿದ್ದೇವೆ. 'ಉಪ್ಪನ್ನೇ ಬದಲಿಸಿ' ಎನ್ನುವುದು ಬೇರೆಯದೇ ಮಾತು, ಅದರ ಹಿಂದೆ ಗಟ್ಟಿಯಾದ ಪುರಾವೆಯೂ ಇದೆ.

600 ಹಳ್ಳಿಗಳ ಪ್ರಯೋಗ

ಪುರಾವೆ ಬಂದದ್ದು ಚೀನಾದ ಗ್ರಾಮೀಣ ಪ್ರದೇಶದಿಂದ. ಸಿಡ್ನಿ ಮೂಲದ ಜಾರ್ಜ್ ಇನ್‌ಸ್ಟಿಟ್ಯೂಟ್‌ನ ಬ್ರೂಸ್ ನೀಲ್ ಮತ್ತು ಸಂಗಡಿಗರು 600 ಹಳ್ಳಿಗಳನ್ನು ಆರಿಸಿಕೊಂಡರು. ಅಲ್ಲಿ ಹಿಂದೆ ಪಾರ್ಶ್ವವಾಯು ಆಗಿದ್ದ, ಇಲ್ಲವೇ 60 ದಾಟಿದ್ದು ಬಿಪಿ ನಿಯಂತ್ರಣಕ್ಕೆ ಬಾರದ 20,995 ಮಂದಿ ಪ್ರಯೋಗಕ್ಕೆ ಸೇರಿದರು. ಅರ್ಧದಷ್ಟು ಹಳ್ಳಿಗಳಲ್ಲಿ ಅವರಿಗೆ ಮಾಮೂಲಿ ಉಪ್ಪಿನ ಬದಲು ಶೇ 75ರಷ್ಟು ಸೋಡಿಯಂ ಕ್ಲೋರೈಡ್, ಶೇ 25ರಷ್ಟು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಕೊಡಲಾಯಿತು. ಉಳಿದ ಹಳ್ಳಿಗಳಲ್ಲಿ ಹಳೆಯ ಉಪ್ಪೇ ಮುಂದುವರಿಯಿತು. ಸುಮಾರು ಐದು ವರ್ಷದ ನಂತರ, 2021ರಲ್ಲಿ, ಫಲಿತಾಂಶ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾಯಿತು.

ಉಪ್ಪು ಬದಲಿಸಿದವರಲ್ಲಿ ಪಾರ್ಶ್ವವಾಯು ಶೇ 14, ಸಾವು ಶೇ 12 ಕಡಿಮೆ. ಶೇಕಡಾವಾರು ಲೆಕ್ಕ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ, ಆದ್ದರಿಂದ ಹೀಗೆ ನೋಡೋಣ: ಮಾಮೂಲಿ ಉಪ್ಪು ತಿಂದ ಪ್ರತಿ 1,000 ಜನರಲ್ಲಿ ವರ್ಷಕ್ಕೆ ಸುಮಾರು 45 ಮಂದಿ ಸತ್ತರೆ, ಬದಲಿ ಉಪ್ಪಿನವರಲ್ಲಿ ಸುಮಾರು 39 ಮಂದಿ. ಮೇಲಿನ ಬಿಪಿ ಸರಾಸರಿ ಇಳಿದದ್ದು ಬರೀ 3.3 ಅಂಕ. ಕ್ಲಿನಿಕ್‌ನಲ್ಲಿ ಯಾರೂ ಗಮನಿಸದಷ್ಟು ಸಣ್ಣ ವ್ಯತ್ಯಾಸ. ಆದರೆ ಅದು ದಿನವೂ, ಮೂರು ಹೊತ್ತೂ, ವರ್ಷಗಟ್ಟಲೆ ಕೆಲಸ ಮಾಡುತ್ತದೆ.

ಇದು ಚೀನಾದ ಕಥೆ, ನಮಗೇನು ಎನ್ನುವವರಿಗೆ ಹೈದರಾಬಾದ್ ಪಕ್ಕದ ಸಿದ್ದಿಪೇಟೆಯ ಉದಾಹರಣೆ ಇದೆ. ಆ ಜಿಲ್ಲೆಯ ಏಳು ಹಳ್ಳಿಗಳಲ್ಲಿ ಬಿಪಿ ಇರುವ 502 ಮಂದಿಯ ಮೇಲೆ ಮೂರು ತಿಂಗಳು ಇಂಥದ್ದೇ ಪ್ರಯೋಗ ನಡೆಯಿತು. ಪೊಟ್ಯಾಸಿಯಂ ಪ್ರಮಾಣ ಶೇ 30. ಯಾರಿಗೆ ಯಾವ ಉಪ್ಪು ಸಿಕ್ಕಿದೆ ಎಂಬುದು ತಿನ್ನುವವರಿಗೂ ಗೊತ್ತಿಲ್ಲ, ಅಳೆಯುವವರಿಗೂ ಗೊತ್ತಿಲ್ಲ. ಮೇಲಿನ ಬಿಪಿ 4.6 ಅಂಕ ಇಳಿಯಿತು. ಬೇಳೆ, ಹುಣಸೆಹುಳಿ, ಖಾರದ ಅಡುಗೆಯಲ್ಲಿಯೂ ಇದು ನಡೆಯುತ್ತದೆ ಎಂಬುದಕ್ಕೆ ಇಷ್ಟು ಸಾಕು.

ನಮ್ಮ ಉಪ್ಪು ಪಾಕೀಟಿನದಲ್ಲ, ಒಲೆಯದು

ಅಮೆರಿಕದಲ್ಲಿ ಜನ ತಿನ್ನುವ ಸೋಡಿಯಂನ ಸುಮಾರು ಶೇ 70ರಷ್ಟು ಬರುವುದು ಸಂಸ್ಕರಿತ ಆಹಾರ ಮತ್ತು ಹೋಟೆಲ್ ಊಟದಿಂದ. ಅಲ್ಲಿ ಕಂಪನಿಗಳ ಕಿವಿ ಹಿಂಡಿದರೆ ಊರಿನ ಉಪ್ಪು ಇಳಿಯುತ್ತದೆ. ನಮ್ಮಲ್ಲಿ ಈಗಲೂ ಬಹುಪಾಲು ಉಪ್ಪು ಬೀಳುವುದು ಮನೆಯ ಸಾರಿಗೆ, ಪಲ್ಯಕ್ಕೆ, ಹಿಟ್ಟಿಗೆ. ಚಿಪ್ಸ್ ಪಾಕೀಟಿನ ಮುಂಭಾಗದಲ್ಲಿ ಎಚ್ಚರಿಕೆ ಇರಬೇಕೇ ಎಂಬ ವಾದ ಸುಪ್ರೀಂ ಕೋರ್ಟ್‌ವರೆಗೆ ಹೋಗಿದೆ. ಅದು ಬೇಕಾದ ಕೆಲಸವೇ, ಆದರೆ ಅದೊಂದರಿಂದಲೇ ಭಾರತೀಯರ ಬಿಪಿ ಇಳಿಯುವುದು ಕಷ್ಟ. ಐಸಿಎಂಆರ್‌ನ ಬೆಂಬಲದಿಂದ ನಡೆದು 2023ರಲ್ಲಿ 'ಲ್ಯಾನ್ಸೆಟ್' ಬಳಗದ ಪತ್ರಿಕೆಯಲ್ಲಿ ಪ್ರಕಟವಾದ ಸಮೀಕ್ಷೆ ಪ್ರಕಾರ ದೇಶದ ವಯಸ್ಕರಲ್ಲಿ ಶೇ 35.5 ಮಂದಿಗೆ ಅಧಿಕ ರಕ್ತದೊತ್ತಡ ಇದೆ.

ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಸುಮಾರು ಒಂದು ಟೀ ಚಮಚ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಗತ್ತಿನ ಸರಾಸರಿ ಇದರ ಎರಡು ಪಟ್ಟಿಗೂ ಹೆಚ್ಚು. ನಾಲ್ಕು ಜನರ ಸಾರಿಗೆ ಕೈಯಳತೆಯಲ್ಲಿ ಉಪ್ಪು ಹಾಕುವ ಅಮ್ಮನಿಗೆ 5 ಗ್ರಾಂ ಲೆಕ್ಕ ಹೇಳಿ ನೋಡಿ! ಊರಿಂದ ಬಸ್ಸಿನಲ್ಲಿ ಬರುವ ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಯನ್ನು ಬೇಡ ಎನ್ನುವ ಮುಂಬೈ ಕನ್ನಡಿಗರೂ ವಿರಳ. ಚೀನಾದ ಪ್ರಯೋಗ ಗೆದ್ದದ್ದು ಇಲ್ಲಿಯೇ ಎಂದು ನನಗೆ ಅನಿಸುತ್ತದೆ: ಅದು ರುಚಿಯ ಅಭ್ಯಾಸವನ್ನು ಬಿಡಿಸುವ ಬದಲು ಡಬ್ಬಿಯೊಳಗಿನದ್ದನ್ನು ಬದಲಿಸಿತು.

ಒಂದು ತಕರಾರನ್ನೂ ಹೇಳಬೇಕು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ವೈದ್ಯಕೀಯ ಓದಿದ ಸಲೀಂ ಯೂಸುಫ್ ನೇತೃತ್ವದ 'ಪ್ಯೂರ್' ಅಧ್ಯಯನ 17 ದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿ, 2014ರಲ್ಲಿ ಬೇರೆಯದೇ ಮಾತು ಹೇಳಿತ್ತು. ಉಪ್ಪು ವಿಪರೀತವಾದರೂ ಅಪಾಯ, ತೀರಾ ಕಡಿಮೆಯಾದರೂ ಅಪಾಯ ಕಾಣುತ್ತಿದೆ ಎಂಬುದು ಅದರ ವಾದ. ಒಂದೇ ಬಾರಿ ತೆಗೆದ ಮೂತ್ರದ ಮಾದರಿಯಿಂದ ಇಡೀ ದಿನದ ಉಪ್ಪನ್ನು ಅಂದಾಜಿಸಿದ್ದು ಸರಿಯಲ್ಲ ಎಂದು ಟೀಕಾಕಾರರು ಹೇಳಿದರು, ಜಗಳ ಮುಂದುವರಿದಿದೆ. ಆದರೆ ಪೊಟ್ಯಾಸಿಯಂ ಹೆಚ್ಚು ತಿನ್ನುವವರಲ್ಲಿ ಅಪಾಯ ಕಡಿಮೆ ಎಂಬುದನ್ನು ಅದೇ ಅಧ್ಯಯನವೂ ಕಂಡಿತ್ತು. 1997ರಲ್ಲಿ ಅಮೆರಿಕದ 'ಡ್ಯಾಶ್' ಪ್ರಯೋಗ ಹಣ್ಣು, ತರಕಾರಿ, ಕೊಬ್ಬು ಕಡಿಮೆ ಇರುವ ಹಾಲಿನಿಂದಲೇ ಬಿಪಿ ಇಳಿಸಿ ತೋರಿಸಿದ್ದು ನೆನಪಿಸಿಕೊಂಡರೆ, ಸೊಪ್ಪು, ಬಾಳೆಹಣ್ಣು, ಹೆಸರುಕಾಳು, ಹುರುಳಿಯ ಪರವಾಗಿಯೂ ಇದು ಸಾಕ್ಷಿಯೇ.

ಪಾಕೀಟಿನ ಹಿಂಭಾಗ ಓದಿ

ಅಂಗಡಿಗೆ ಹೋದರೆ ಗೊಂದಲ ಶುರು. 'ಲೋ ಸೋಡಿಯಂ' ಎಂದು ಮುಂದೆ ಬರೆದಿರುವ ಎಲ್ಲವೂ ಒಂದೇ ಅಲ್ಲ. ನಮ್ಮಲ್ಲಿ ಚಿರಪರಿಚಿತ ಬ್ರ್ಯಾಂಡ್‌ ಒಂದರ ಪಾಕೀಟಿನಲ್ಲಿ ಸೋಡಿಯಂ ಕಡಿಮೆ ಇರುವುದು ಶೇ 15 ಮಾತ್ರ. ಪ್ರಯೋಗಗಳಲ್ಲಿ ಬಳಸಿದ್ದು ಅದರ ಸುಮಾರು ಎರಡು ಪಟ್ಟು ಕಡಿತ ಇರುವ ಉಪ್ಪು. 100 ಗ್ರಾಂ ಸಾಮಾನ್ಯ ಉಪ್ಪಿನಲ್ಲಿ ಸೋಡಿಯಂ ಸುಮಾರು 39 ಗ್ರಾಂ ಇರುತ್ತದೆ. ಪ್ರಯೋಗದ ಉಪ್ಪಿಗೆ ಹತ್ತಿರ ಬರಬೇಕಾದರೆ ಅದು 27ರಿಂದ 30 ಗ್ರಾಂ ಆಸುಪಾಸಿನಲ್ಲಿರಬೇಕು. ಸೈಂಧವ ಲವಣ, ಹಿಮಾಲಯದ ಗುಲಾಬಿ ಉಪ್ಪು ಎಂದು ದುಬಾರಿ ಬೆಲೆಗೆ ಮಾರುವುದು ಬಹುಪಾಲು ಸೋಡಿಯಂ ಕ್ಲೋರೈಡೇ. ಬಿಪಿ ಮಟ್ಟಿಗೆ ಅದರಿಂದ ಲಾಭವಿಲ್ಲ. ಅಯೋಡಿನ್ ಇಲ್ಲದ್ದನ್ನು ತಂದರೆ ನಷ್ಟ.

ಬೆಲೆಯೂ ಅಡ್ಡಿ. ಪೊಟ್ಯಾಸಿಯಂ ಬೆರೆಸಿದ ಉಪ್ಪು ಮಾಮೂಲಿಗಿಂತ ದುಬಾರಿ, ಕಿರಾಣಿ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದೂ ಇಲ್ಲ. ಅಯೋಡಿನ್ ಬೆರೆಸುವುದನ್ನು ಕಡ್ಡಾಯ ಮಾಡಿ ಮನೆಮನೆಗೆ ತಲುಪಿಸಿದ ದೇಶಕ್ಕೆ ಇದು ಅಸಾಧ್ಯವೇನಲ್ಲ. ಆದರೂ ಅಯೋಡಿನ್‌ನಂತೆ ಇದನ್ನು ಎಲ್ಲರ ಮೇಲೂ ಹೇರುವಂತಿಲ್ಲ, ಅದಕ್ಕೆ ಕಾರಣ ಕಿಡ್ನಿ.

ಹೆಚ್ಚಾದ ಪೊಟ್ಯಾಸಿಯಂ ಹೊರಹಾಕುವುದು ಕಿಡ್ನಿಯ ಕೆಲಸ. ಅದು ಸೋತಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ಹದ ತಪ್ಪಬಹುದು. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ಕಿಡ್ನಿ ತೊಂದರೆ ಇರುವವರು, ಗರ್ಭಿಣಿಯರು, ಮಕ್ಕಳನ್ನು ಶಿಫಾರಸಿನಿಂದ ಹೊರಗಿಟ್ಟಿದೆ. ಶಿಫಾರಸಿಗೂ 'ಷರತ್ತುಬದ್ಧ' ಎಂಬ ಪಟ್ಟಿ ಹಚ್ಚಿದೆ. ಬಿಪಿಗೆ ಕೊಡುವ ಟೆಲ್ಮಿಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂತಹ ಮಾತ್ರೆಗಳೂ ಪೊಟ್ಯಾಸಿಯಂ ಏರಿಸಬಲ್ಲವು. ಚೀನಾದ ಪ್ರಯೋಗದಲ್ಲಿ ಈ ಅಪಾಯ ಹೆಚ್ಚಿದ್ದು ಕಂಡುಬರಲಿಲ್ಲ ನಿಜ, ಆದರೆ ಗಂಭೀರ ಕಿಡ್ನಿ ಕಾಯಿಲೆ ಇದ್ದವರನ್ನು ಅದಕ್ಕೆ ಸೇರಿಸಿಕೊಂಡಿರಲೇ ಇಲ್ಲ. ಅಲ್ಲಿದ್ದವರ ಸರಾಸರಿ ವಯಸ್ಸು 65 ಎಂಬುದನ್ನೂ ಮರೆಯಬಾರದು. ಮೂವತ್ತರ ಹರೆಯದ, ಸಿಗರೇಟು ಸೇದುವ, ರಾತ್ರಿ ಪಾಳಿಯ ಚಾಲಕನ ಹೃದಯಕ್ಕೆ ಉಪ್ಪಿನ ಡಬ್ಬಿಯೊಂದೇ ಕಾವಲು ಎಂದು ಈ ಅಂಕಿಗಳಿಂದ ಹೇಳಲಾಗದು.

ನಮ್ಮಲ್ಲಿ ತೊಡಕಿರುವುದು ಕಿಡ್ನಿ ಸರಿಯಿದೆಯೇ ಎಂದು ಎಷ್ಟೋ ಜನರಿಗೆ ಗೊತ್ತೇ ಇಲ್ಲದಿರುವುದರಲ್ಲಿ. ಬಿಪಿ, ಸಕ್ಕರೆ ಎರಡೂ ಕಿಡ್ನಿಯನ್ನು ಸದ್ದಿಲ್ಲದೆ ಹಾಳು ಮಾಡುತ್ತವೆ. ಊರಿನ ಆರೋಗ್ಯ ಶಿಬಿರಗಳಲ್ಲಿ ಸಾಮಾನ್ಯವಾಗಿ ನೋಡುವುದು ಬಿಪಿ ಮತ್ತು ಸಕ್ಕರೆ. ಹಾಸನದ ಸುದ್ದಿ ಕೇಳಿ ಅಪ್ಪನ ಇಸಿಜಿಗೆ ಹಣ ಕಳಿಸಿದವರು, ಈ ಉಪ್ಪಿನ ಪಾಕೀಟು ಕಳಿಸುವ ಮೊದಲು ಮಾಡಿಸಬೇಕಾದದ್ದು ರಕ್ತದ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ. ವರದಿಯ ಜೊತೆಗೆ ಅವರು ನುಂಗುವ ಮಾತ್ರೆಗಳ ಚೀಟಿಯನ್ನೂ ವೈದ್ಯರಿಗೆ ತೋರಿಸಿ.